ನರಹರಿ ಮಾಸ್ಟ್ರ ಕಿವಿ

ನರಹರಿ ಮಾಸ್ಟ್ರ ಕಿವಿಗೆ ಯಾವ ದೋಷವೂ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರಾದರೂ ಸುಟ್ಟ ಹಲಸಿನ ಬೀಜದ ಸಿಪ್ಪೆ ಬಿಡಿಸಿದರೆ, ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಅವನ ಹೆಸರು ಹಿಡಿದು ಕರೆಯುತ್ತಿದ್ದರು. ಆದರೆ ನಾವು ಇಂಗ್ಲಿಷಿನಲ್ಲಿ ಬಾಯಿ ತೆರೆದ ಕೂಡಲೇ ಅವರು ಕಿವುಡರಾಗುತ್ತಿದ್ದರು. ಬಲಗೈಯನ್ನು ಮೊರದ ಹಾಗೆ ಬಾಗಿಸಿ ಕಿವಿಯ ಹಿಂದೆ ಇಟ್ಟು, ಸೊಂಟ ಬಗ್ಗಿಸಿ, ತಲೆಯನ್ನು ನಮ್ಮ ಮುಖದ ಹತ್ತಿರ ತಂದು, "ಕೇಳಲಿಲ್ಲ. ಲೌಡರ್," ಎನ್ನುತ್ತಿದ್ದರು. ಇನ್ನೊಮ್ಮೆ ಹೇಳಿದರೆ ಕಿವಿ ಇನ್ನೂ ಹತ್ತಿರ ಬರುತ್ತಿತ್ತು. ಅದರೊಳಗಿನ ನರೆತ ಕೂದಲು ಕಾಣುತ್ತಿತ್ತು, ನಶ್ಯದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅಷ್ಟು ಹತ್ತಿರ ಬಂದ ಕಿವಿಗೆ ಗಟ್ಟಿಯಾಗಿ ಮಾತಾಡಲು ಯಾವ ಮಗುವಿಗೂ ಆಗುವುದಿಲ್ಲ. ಅದು ಅವರಿಗೂ ಗೊತ್ತಿತ್ತು.

ಟಿ.ವಿ.ಯಲ್ಲಿ ಬರುವ ಇಂಗ್ಲಿಷ್ ವಾರ್ತೆ ಅಜ್ಜಿಗೆ ಅರ್ಥವಾಗುತ್ತದೆ, ಮಾತಾಡು ಎಂದರೆ ಮಾತ್ರ ಎದ್ದು ಅಡುಗೆಮನೆಗೆ ಹೋಗುತ್ತಾಳೆ ಎಂದು ಮೊಮ್ಮಕ್ಕಳು ನೀವೆಲ್ಲ ನಗುತ್ತೀರಿ. ಅದರ ಕಾರಣವನ್ನು ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಬರೆಯುವುದಾದರೆ ಅಡ್ಡಿಯಿಲ್ಲ, ನೀವು ಓದುವಾಗ ನಾನು ಎದುರಿಗೆ ಇರಬೇಕಾಗಿಲ್ಲ.

ಕೊಡಗು ಮೈಸೂರಿಗೆ ಸೇರಿದ ಹೊಸತು ಅದು. ಅಲ್ಲಿಯ ತನಕ ನಮ್ಮ ಊರಿನ ಶಾಲೆಗೆ ಮಡಿಕೇರಿಯವರೋ ಮಂಗಳೂರು ಕಡೆಯವರೋ ಮಾಸ್ಟ್ರಾಗಿ ಬರುತ್ತಿದ್ದರು. ಆಮೇಲೆ ಮೈಸೂರಿನ ಕಡೆಯಿಂದ ವರ್ಗವಾಗಿ ಬರತೊಡಗಿದರು. ಬಂದವರಲ್ಲಿ ಹೆಚ್ಚಿನವರು ಒಂದು ಮಳೆಗಾಲ ಕಂಡು, ರಜೆ ಹಾಕಿ ಹೋದವರು, ತಿರುಗಿ ಈ ಕಡೆ ತಲೆ ಹಾಕುತ್ತಿರಲಿಲ್ಲ. ನರಹರಿ ಮಾಸ್ಟ್ರು ಉಳಿದರು. ಮೇಲಿನವರ ಜೊತೆ ಜಗಳವಾಡಿ ಶಿಕ್ಷೆಗೆಂದು ಬಂದವರು, ಅವರಿಗೆ ಹೋಗಲು ಬಿಡುವುದಿಲ್ಲ ಎಂದು ಊರಲ್ಲಿ ಮಾತಿತ್ತು. ಅವರೂ ಅದನ್ನು ಮುಚ್ಚಿಡುತ್ತಿರಲಿಲ್ಲ.

"ಕಳ್ಳರನ್ನ ಅಂಡಮಾನಿಗೆ ಕಳಿಸ್ತಾರೆ," ಎಂದು ಹಾಜರಿ ಕರೆಯುವ ಮೊದಲೇ ಶುರು ಮಾಡುತ್ತಿದ್ದರು. "ನನ್ನನ್ನ ನಿಮ್ಮ ಹತ್ರ ಕಳಿಸಿದಾರೆ. ಅಲ್ಲಿ ಸುತ್ತ ಸಮುದ್ರವಾದ್ರೂ ಇದೆ, ನೋಡ್ಕೊಂಡು ಕೂತಿರಬಹುದು."

ಜಿಗಣೆಗೆ ಅವರು ಹೆದರುತ್ತಿದ್ದಷ್ಟು ಯಾರೂ ಹುಲಿಗೂ ಹೆದರಿದ್ದು ನಾನು ಕಾಣೆ. ಪ್ಯಾಂಟಿನ ಮೇಲೆ ಕಾಲುಚೀಲ ಎಳೆದು, ಅದರ ಮೇಲೆ ಹೊಗೆಸೊಪ್ಪು ನೆನೆಸಿದ ನೀರು ಹಚ್ಚಿಕೊಂಡು, ಕೈಯಲ್ಲಿ ಉಪ್ಪಿನ ಗಂಟು ಹಿಡಿದು ಗದ್ದೆಯ ಬದುವಿನ ಮೇಲೆ ಕೊಕ್ಕರೆಯ ಹಾಗೆ ಕಾಲೆತ್ತಿ ಇಡುತ್ತ ಬರುತ್ತಿದ್ದರು. ಮೇಲೆ ಮುಚ್ಚುಕೊರಳಿನ ಕೋಟು. ಮೈಸೂರಿನಲ್ಲಿ ಹೆಂಡತಿ ಮಕ್ಕಳು ಇದ್ದರಂತೆ. ಅವರು ಒಮ್ಮೆಯೂ ಬರಲಿಲ್ಲ. ಬಸ್ಸು ನಿಲ್ಲುವಲ್ಲಿ ಒಂದು ಕೋಣೆ ಹಿಡಿದು ತಾವೇ ಗಂಜಿ ಬೇಯಿಸಿಕೊಳ್ಳುತ್ತಿದ್ದರು. ಸಂಜೆ ಆ ದಾರಿಯಲ್ಲಿ ಹೋದರೆ ಅವರು ಕಿಟಕಿಯ ಬಳಿ ಕೂತು ಗಟ್ಟಿಯಾಗಿ ಇಂಗ್ಲಿಷ್ ಓದಿಕೊಳ್ಳುವುದು ಕೇಳಿಸುತ್ತಿತ್ತು. ಅಂಥ ಧ್ವನಿ ನಾನು ಮತ್ತೆ ಕೇಳಲಿಲ್ಲ. ಅರ್ಥವಾಗದಿದ್ದರೂ ನಿಲ್ಲಬೇಕು ಅನಿಸುತ್ತಿತ್ತು. ನಾನು ಬೇಲಿಯ ಮರೆಯಲ್ಲಿ ನಿಂತು ಕೇಳಿದ್ದುಂಟು.

ಅವರು ಬೆತ್ತ ಹಿಡಿದವರಲ್ಲ. ನಮ್ಮ ಹಳೆಯ ಮಾಸ್ಟ್ರುಗಳು ಹೊಡೆಯುತ್ತಿದ್ದರು, ನಾವು ಅಳುತ್ತಿದ್ದೆವು, ಮಧ್ಯಾಹ್ನದ ಬೆಲ್ಲಿನೊಳಗೆ ಮರೆತುಹೋಗುತ್ತಿತ್ತು. ನರಹರಿ ಮಾಸ್ಟ್ರ ರೀತಿಯೇ ಬೇರೆ. ಯಾರಾದರೂ ತಪ್ಪು ಹೇಳಿದರೆ ಅವರು ಅದೇ ತಪ್ಪನ್ನು ಆ ಮಗುವಿನದೇ ರಾಗದಲ್ಲಿ ಹೇಳುತ್ತಿದ್ದರು. ನಾವು ಅರೆಭಾಷೆಯವರು ಮಾತನ್ನು ಕೊನೆಗೆ ಎಳೆಯುವುದು, ಕೊಡವರ ಮಕ್ಕಳು ಒತ್ತಿ ನುಡಿಯುವುದು, ಮಾಪಿಳ್ಳೆ ಮಕ್ಕಳ ಮೂಗಿನ ಸ್ವರ, ಎಲ್ಲವೂ ಅವರ ಗಂಟಲಲ್ಲಿತ್ತು. ಹೇಳಿ ಮುಗಿಸಿ ಕೈ ಎತ್ತಿ, "ಹೋಲ್ ಕ್ಲಾಸ್," ಎನ್ನುತ್ತಿದ್ದರು. ಆಗ ಇಡೀ ತರಗತಿ ಆ ತಪ್ಪನ್ನು ಅದೇ ರಾಗದಲ್ಲಿ ಕೂಗಬೇಕು. ಕೂಗದವರದು ಮುಂದಿನ ಸರದಿ. ಹಾಗಾಗಿ ನಾವೆಲ್ಲ ಕೂಗುತ್ತಿದ್ದೆವು, ನಗುತ್ತಲೂ ಇದ್ದೆವು. ನಗು ಬರುವ ಹಾಗೆಯೇ ಅವರು ಅನುಕರಿಸುತ್ತಿದ್ದರು. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಆ ತಪ್ಪೇ ಆ ಮಗುವಿನ ಅಡ್ಡಹೆಸರಾಗುತ್ತಿತ್ತು. ಕೆಲವರಿಗೆ ಅದು ಮದುವೆಯ ಚಪ್ಪರದ ತನಕ ಹಿಂದೆ ಬಂತು.

ಆಗ ಇಂಗ್ಲಿಷ್ ಕಲಿಸುವ ಹೊಸ ಕ್ರಮ ಒಂದು ಬಂದಿತ್ತು. ಮಾಡುತ್ತ ಹೇಳಬೇಕು, ಹೇಳುತ್ತ ಮಾಡಬೇಕು. ಒಬ್ಬನನ್ನು ಎಬ್ಬಿಸಿ ಬಾಗಿಲಿಗೆ ನಡೆಸುವುದು. ಅವನು ನಡೆಯುತ್ತ, "ಐ ಆಮ್ ಗೋಯಿಂಗ್ ಟು ದ ಡೋರ್," ಎನ್ನಬೇಕು. ಬಾಗಿಲು ತೆರೆಯುತ್ತ, "ಐ ಆಮ್ ಓಪನಿಂಗ್ ದ ಡೋರ್," ಎನ್ನಬೇಕು. ನಮ್ಮ ತರಗತಿಯಲ್ಲಿ ಮೊಯ್ದು ಎಂಬ ಹುಡುಗನಿದ್ದ. ಬಸ್ಸು ನಿಲ್ಲುವಲ್ಲಿ ಅವನ ಅಪ್ಪನ ಚಹಾದಂಗಡಿ. ಮೊಯ್ದುವಿಗೆ ಸ್ವಲ್ಪ ತೊದಲು. ಮನೆಯ ಮಲೆಯಾಳದಲ್ಲಿ ಅದು ಅಷ್ಟು ತಿಳಿಯುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಕಲ್ಲು ಸಿಕ್ಕಿದ ಗಾಡಿಚಕ್ರದ ಹಾಗೆ ನಿಲ್ಲುತ್ತಿತ್ತು. ಮಾಸ್ಟ್ರು ಆ ವಾರ ದಿನವೂ ಅವನನ್ನೇ ಬಾಗಿಲಿಗೆ ನಡೆಸಿದರು. ಅವನ ಜೊತೆಗೆ ತಾವೂ ಕಿವಿಗೆ ಕೈ ಇಟ್ಟುಕೊಂಡು ಬಗ್ಗಿ ನಡೆಯುತ್ತಿದ್ದರು. ಅವನ "ಡ ಡ ಡ" ಎಂಬುದನ್ನು ನಾವೆಲ್ಲ ಕೂಗುತ್ತಿದ್ದೆವು.

ಶನಿವಾರ ಮೊಯ್ದು ಎದ್ದ. ಬಾಗಿಲಿಗೆ ನಡೆದ, ಹೇಗೋ ಹೇಳಿದ. ಬಾಗಿಲು ತೆರೆದ, ಹೇಗೋ ಹೇಳಿದ. "ನೌ ಗೋ ಔಟ್," ಎಂದರು ಮಾಸ್ಟ್ರು. "ಐ ಆಮ್ ಗೋಯಿಂಗ್ ಔಟ್," ಎಂದ ಮೊಯ್ದು, ಒಂದು ಅಕ್ಷರವೂ ತೊದಲದೆ. ಹೊರಗೆ ಹೋದ. ಮೆಟ್ಟಿಲಿಳಿದ. ನಾವು ಕಿಟಕಿಯಿಂದ ನೋಡುತ್ತಿದ್ದ ಹಾಗೆ ಗದ್ದೆಯ ಬದು ಹಿಡಿದು ನಡೆದ. ತೋಡು ದಾಟಿದ. ತಿರುಗಿ ನೋಡಲಿಲ್ಲ.

"ಅವನಿಗೆ ಪಾಠ ಅರ್ಥವಾಯ್ತು," ಎಂದರು ಮಾಸ್ಟ್ರು. ಬಾಗಿಲು ಮುಚ್ಚಲು ಇನ್ನೊಬ್ಬನನ್ನು ಎಬ್ಬಿಸಿದರು.

ಮೊಯ್ದು ಮತ್ತೆ ಶಾಲೆಗೆ ಬರಲಿಲ್ಲ. ವಿರಾಜಪೇಟೆಯಲ್ಲಿ ಅವನ ಮಾವನ ಅಂಗಡಿಗೆ ಕೆಲಸಕ್ಕೆ ಹೋದ. ಅವನ ಅಪ್ಪನ ಅಂಗಡಿಯಲ್ಲಿ ಮಾಸ್ಟ್ರು ಎಂದಿನಂತೆ ದಿನಾ ಚಹಾ ಕುಡಿದರು. ಆ ಅಪ್ಪನೂ ಎಂದಿನಂತೆ ಲೋಟ ತೊಳೆದು, ಒರೆಸಿ, ಎರಡು ಕೈಯಲ್ಲಿ ಹಿಡಿದು ಕೊಟ್ಟ. ಮಾಸ್ಟ್ರಲ್ಲವೇ.

ನನ್ನ ವಿಷಯಕ್ಕೆ ಬರುತ್ತೇನೆ. ನಾನು ಮಾತಾಡುವವಳಲ್ಲ. ಅವ್ವ ಕರೆದರೂ ಹತ್ತಿರ ಹೋಗಿ ನಿಲ್ಲುತ್ತಿದ್ದೆ, ಓ ಎನ್ನುತ್ತಿರಲಿಲ್ಲ. ಆದರೆ ಇಂಗ್ಲಿಷ್ ನನಗೆ ಹೇಗೋ ಬರುತ್ತಿತ್ತು. ಬೆಂಚಿನಲ್ಲಿ ಕೂತು ಬೇರೆಯವರಿಗೆ ಕೇಳಿದ ಪ್ರಶ್ನೆಗೆ ತುಟಿಯೊಳಗೆ ಉತ್ತರ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಬೋಜಮ್ಮನಿಗೂ ಅದು ಕೇಳಿಸುತ್ತಿರಲಿಲ್ಲ. ಮಾಸ್ಟ್ರಿಗೆ ಕೇಳಿಸಿತು. ಬೋರ್ಡಿನ ಮೇಲೆ ಬರೆಯುತ್ತಿದ್ದವರು ಸುಣ್ಣದ ಕಡ್ಡಿ ನಿಲ್ಲಿಸಿ, "ಯಾರು ಹೇಳಿದ್ದು?" ಎಂದರು. ಯಾರೂ ಏಳಲಿಲ್ಲ. ನೇರ ನನ್ನ ಬೆಂಚಿಗೆ ಬಂದರು.

"ದೇವಕಿ. ಏಳು. ಹೇಳು."

ಎದ್ದೆ. ಹೇಳಲಿಲ್ಲ. ಕಿವಿ ಹತ್ತಿರ ಬಂತು.

"ನಿನ್ನ ಗಂಟಲಲ್ಲಿ ಇಂಗ್ಲಿಷ್ ಇದೆ," ಎಂದರು, ಉಳಿದವರಿಗೆ ಕೇಳದ ಹಾಗೆ. "ಈ ಊರಲ್ಲಿ ಇರೋದು ನಿನ್ನೊಬ್ಬಳ ಗಂಟಲಲ್ಲೇ. ಅದನ್ನ ನಾನು ಹೊರಗೆ ತೆಗೀತೀನಿ. ಹಲ್ಲು ಕೀಳೋ ಹಾಗೆ ತೆಗೀತೀನಿ."

ಅದು ಬೈಗಳೋ ಹೊಗಳಿಕೆಯೋ ತಿಳಿಯಲಿಲ್ಲ. ಮನೆಗೆ ಹೋಗುವಾಗ ನೆಲದ ಮೇಲೆ ಕಾಲಿರಲಿಲ್ಲ, ಅಷ್ಟು ಸಂತೋಷ. ನನಗೆ ವಿರಾಜಪೇಟೆಯ ಹೈಸ್ಕೂಲಿಗೆ ಹೋಗಬೇಕೆಂಬ ಆಸೆ. ಚಿಕ್ಕವ್ವನ ಮನೆ ಅಲ್ಲೇ ಇತ್ತು, ಉಳಿಯಲು ಜಾಗವಿತ್ತು. ಅಪ್ಪ ಒಂದೇ ಮಾತು ಹೇಳಿದ್ದರು. "ಎಂಟನೆ ಪಾಸಾದರೆ ವಿರಾಜಪೇಟೆ. ಫೇಲಾದರೆ ಮನೆ. ಒಂದೇ ಕ್ಲಾಸಿಗೆ ಎರಡು ಸಲ ಕಳಿಸಲಿಕ್ಕೆ ನಂಗೆ ಪುರುಸೊತ್ತಿಲ್ಲ." ಬೇರೆ ಪಾಠಗಳ ಭಯ ನನಗಿರಲಿಲ್ಲ. ಇಂಗ್ಲಿಷಿಗೆ ಮಾತ್ರ ಗಟ್ಟಿಯಾಗಿ ಓದುವ ಪರೀಕ್ಷೆ ಬೇರೆಯೇ ಇತ್ತು, ಅದರಲ್ಲಿ ದಾಟದವರು ಪಾಸಿಲ್ಲ. ಅದರ ಮಾರ್ಕು ಮಾಸ್ಟ್ರ ಕೈಯಲ್ಲಿ.

ಎಂಟನೆಯ ಅರ್ಧದಲ್ಲಿ, ಹುತ್ತರಿ ಹಬ್ಬ ಕಳೆದ ಮೇಲೆ, ನನಗೆ ಗಂಡು ಗೊತ್ತಾಯಿತು. ನಿಮ್ಮ ಅಜ್ಜ. ಪಟ್ಟಾಳದಲ್ಲಿ ಸಿಪಾಯಿಯಾಗಿದ್ದರು. ವೀಳ್ಯ ಬದಲಾಯಿಸುವ ದಿನ ನಾನು ಅವರ ಬೂಟು ಮಾತ್ರ ನೋಡಿದ್ದು. ಹುಡುಗಿ ಓದುವುದಾದರೆ ಹತ್ತನೆ ಮುಗಿಯುವ ತನಕ ಕಾಯುತ್ತೇನೆ ಎಂದು ಅವರೇ ಹೇಳಿದರಂತೆ. ಹಾಗೆ ಹೇಳಿ ರಜೆ ಮುಗಿಸಿ ಗಡಿಗೆ ಹೋದರು. ವೀಳ್ಯ ಬದಲಾಯಿಸಿದ ದಿನ ರಾತ್ರಿ ಊಟವಾದ ಮೇಲೆ ನನ್ನ ಅಜ್ಜಿ ನನ್ನನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟೇ. "ಇನ್ನು ಆ ಹೆಸರು ನಿನ್ನ ಬಾಯಲ್ಲಿ ಬರಬಾರದು ಗೂಡೆ. ನೀನು ಒಂದು ಸಲ ಕರೆದರೆ ಅವನ ಆಯುಷ್ಯದಲ್ಲಿ ಒಂದು ದಿನ ಕಮ್ಮಿ. ಪಟ್ಟಾಳದವನು. ಅವನ ಹತ್ರ ಇರುವ ದಿನ ಎಷ್ಟೋ ಯಾರಿಗೆ ಗೊತ್ತು."

ನೀವು ನಗಬಹುದು. ನಮ್ಮ ಮನೆಯಲ್ಲಿ ಅದು ಬೆಂಕಿ ಮುಟ್ಟಬಾರದು ಎಂಬಷ್ಟೇ ಸರಳ ಮಾತಾಗಿತ್ತು. ಅಜ್ಜಿಯ ಗಂಡನ ಹೆಸರಿನಲ್ಲೇ ತಿಂಗಳೊಂದಿತ್ತು, ಅವರು ಆ ತಿಂಗಳನ್ನು 'ಮಳೆ ಬಿಡುವ ತಿಂಗಳು' ಎಂದೇ ಹೇಳಿಕೊಂಡು ತೀರಿಹೋದರು.

ರಜೆ ಮುಗಿದು ಶಾಲೆ ಸುರುವಾದಾಗ ಇಂಗ್ಲಿಷ್ ಪುಸ್ತಕದಲ್ಲಿ ಹೊಸ ಪಾಠ. ಪಾಠದ ತುಂಬ ಒಬ್ಬ ಹುಡುಗ. ಅವನು ಏಳುತ್ತಾನೆ, ಮುಖ ತೊಳೆಯುತ್ತಾನೆ, ನದಿಗೆ ಹೋಗುತ್ತಾನೆ. ಅವನ ಹೆಸರು ನಿಮ್ಮ ಅಜ್ಜನ ಹೆಸರೇ. ದೇಶದಲ್ಲಿ ಎಲ್ಲ ಕಡೆ ಇರುವ ಹೆಸರು ಅದು, ಪುಸ್ತಕ ಬರೆದವರ ತಪ್ಪಲ್ಲ. ನಿಮಗೆಲ್ಲ ಆ ಹೆಸರು ಗೊತ್ತಿರುವುದರಿಂದ ಇಲ್ಲಿ ನಾನು 'ಇಂಥವನು' ಎಂದೇ ಬರೆಯುತ್ತೇನೆ.

ನನ್ನ ಸರದಿ ಬಂತು. ಎದ್ದು ಪುಸ್ತಕ ಹಿಡಿದೆ. ಇಂಗ್ಲಿಷಿನಲ್ಲಿ ಗಂಡಸನ್ನು ಹೆಸರು ಹಿಡಿಯದೆ 'ಹಿ' ಎಂದರೆ ಆಗುತ್ತದೆ ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯ ಹೆಂಗಸರಿಗೆಂದೇ ಮಾಡಿದ ಮಾತು. ಹೆಸರು ಬಂದಲ್ಲೆಲ್ಲ ಅದನ್ನು ಹಾಕಿ ಓದಿದೆ. 'ಅವನು ಏಳುತ್ತಾನೆ. ಅವನು ನದಿಗೆ ಹೋಗುತ್ತಾನೆ.' ಎಲ್ಲೂ ನಿಲ್ಲದೆ ಪುಟ ಮುಗಿಸಿದೆ. ನನ್ನ ಮಟ್ಟಿಗೆ ಗಟ್ಟಿಯಾಗಿಯೇ ಓದಿದ್ದೆ.

ಮಾಸ್ಟ್ರು ಬಂದರು. "ಯಾರು ನದಿಗೆ ಹೋಗ್ತಿರೋದು? ಕೇಳಲಿಲ್ಲ."

ಮತ್ತೆ ಹಾಗೆಯೇ ಓದಿದೆ.

"ಪುಸ್ತಕದಲ್ಲಿ ಹೆಸರಿದೆಯಲ್ಲ. ಅದನ್ನ ಏನು ಮಾಡಿದೆ, ತಿಂದೆಯಾ?"

ಹುಡುಗರು ನಕ್ಕರು. ಬೋಜಮ್ಮ ಎದ್ದಳು. ಕೊಡವರ ಮನೆಯ ಹುಡುಗಿ, ಯಾರಿಗೂ ಅಂಜುವವಳಲ್ಲ. ನನಗೆ ಒಳ್ಳೆಯದಾಗಲಿ ಎಂದೇ ಹೇಳಿದಳು. "ಸಾರ್, ಅದು ಅವಳಿಗೆ ಗೊತ್ತಾದವರ ಹೆಸರು. ಅವಳು ಹೇಳುವ ಹಾಗಿಲ್ಲ."

ಮಾಸ್ಟ್ರ ಕೈ ಕಿವಿಯಿಂದ ಇಳಿಯಿತು. ಅವರಿಗೆ ತಿಳಿಯದ ಪದ್ಧತಿಯೇನೂ ಅಲ್ಲ. ಅವರ ಮನೆಯಲ್ಲೂ ಹೆಂಡತಿ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಕ್ಕಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಕುರ್ಚಿಗೆ ಹೋಗಿ ಕೂತರು. ಅವರು ತರಗತಿಯಲ್ಲಿ ಕೂತದ್ದನ್ನು ನಾವು ನೋಡಿದ್ದು ಅದೇ ಮೊದಲು.

"ಓದಬೇಕಾಗಿದ್ದ ಹುಡುಗಿ ಒಬ್ಬಳಿದ್ದಳು," ಎಂದರು. "ಅವಳನ್ನೂ ವೀಳ್ಯದ ಜೊತೆ ಮಡಚಿ ಕೊಟ್ಟುಬಿಟ್ರಾ."

ನಾನು ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಮರುದಿನದಿಂದ ಬೇರೆಯೇ ಸುರುವಾಯಿತು. ಯಾವ ಪಾಠವಾದರೂ, ಯಾವ ವಾಕ್ಯ ಕಲಿಸುವುದಾದರೂ ಆ ಹೆಸರು ಹಾಕಿಯೇ ಕಲಿಸಿದರು. ಇಂಥವನು ಅನ್ನ ಉಣ್ಣುತ್ತಿದ್ದಾನೆ, ಹೋಲ್ ಕ್ಲಾಸ್. ಇಂಥವನು ಎಮ್ಮೆ ತೊಳೆಯುತ್ತಿದ್ದಾನೆ, ಹೋಲ್ ಕ್ಲಾಸ್. ಎಲ್ಲರೂ ಇಂಗ್ಲಿಷಿನಲ್ಲಿ ಕೂಗುವರು, ನಾನು ಮಾತ್ರ ನಿಂತಿರಬೇಕು. ಕೂಗು ಮುಗಿದ ಮೇಲೆ ಕಿವಿ ನನ್ನ ಬಳಿ ಬರುವುದು. ನಾನು ಹೇಳುವುದಿಲ್ಲ. "ಸರಿ, ನಾಳೆ," ಎನ್ನುವರು. ಹುಡುಗರಿಗೆ ಅದೊಂದು ಆಟವಾಯಿತು. ತೋಡಿನ ಬಳಿ, ದಾರಿಯಲ್ಲಿ, ಎಲ್ಲಿ ಕಂಡರೂ ಕೂಗುವರು.

ಒಂದು ದಿನ 'ಇಲ್ಲ' ಎಂಬ ಅರ್ಥದ ವಾಕ್ಯಗಳನ್ನು ಕಲಿಸುತ್ತಿದ್ದರು. ಗಡಿಯಲ್ಲಿ ಗಲಾಟೆಯಿದೆ ಎಂದು ಆ ದಿನಗಳಲ್ಲಿ ರೇಡಿಯೋ ಇದ್ದ ಮನೆಯವರು ಹೇಳುತ್ತಿದ್ದರು. ಮಾಸ್ಟ್ರಿಗೂ ಅದು ಗೊತ್ತಿರಬೇಕು. ಬೋರ್ಡಿನ ಮೇಲೆ ಬರೆದರು: ಇಂಥವನು ಮನೆಗೆ ಬರುತ್ತಿದ್ದಾನೆ. ಅದರ ಕೆಳಗೆ ಬರೆದರು: ಇಂಥವನು ಮನೆಗೆ ಬರುತ್ತಿಲ್ಲ.

"ಹೋಲ್ ಕ್ಲಾಸ್."

ತರಗತಿ ಮೊದಲನೆಯದನ್ನು ಕೂಗಿತು. ಎರಡನೆಯದಕ್ಕೆ ಬೋಜಮ್ಮ ಬಾಯಿ ಮುಚ್ಚಿದಳು. ಅವಳ ಅಣ್ಣನೂ ಪಟ್ಟಾಳದಲ್ಲಿದ್ದ. ಉಳಿದವರು ಕೂಗಿದರು.

"ದೇವಕಿ ಒಬ್ಬಳೇ ಹೇಳಲಿ," ಎಂದರು ಮಾಸ್ಟ್ರು. "ನಿನಗೆ ಬೇಕಾದ್ದನ್ನ ಆರಿಸ್ಕೋ. ಬರ್ತಾನೋ, ಬರೋದಿಲ್ವೋ. ಆದರೆ ಹೆಸರು ಹೇಳಬೇಕು."

ನಾನು ಬೋರ್ಡಿನ ಮೇಲಿನ ಎರಡನೆಯ ಸಾಲನ್ನೇ ನೋಡುತ್ತ ನಿಂತೆ. ಬೆಲ್ಲು ಹೊಡೆಯಿತು. ಒರೆಸುವ ಬಟ್ಟೆ ಮೇಜಿನ ಮೇಲಿತ್ತು. ಅವರು ಒರೆಸದೆ ಹೊರಟುಹೋದರು. ಬೋಜಮ್ಮ ಹೋಗಿ ಸೆರಗಿನಿಂದ ಒರೆಸಿದಳು.

ನಾನು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಶಾಲೆ ಬಿಡಿಸುತ್ತಿದ್ದರು.

ಪರೀಕ್ಷೆಯ ದಿನ ಹೆಡ್‌ಮಾಸ್ಟ್ರೂ ಕೂತಿದ್ದರು. ಮುದುಕರು, ಊರಿನವರೇ, ಕಣ್ಣು ಮುಚ್ಚಿ ಕೇಳುವವರು. ಪುಸ್ತಕದಲ್ಲಿ ಅಷ್ಟು ಪಾಠಗಳಿದ್ದವು, ಮಾಸ್ಟ್ರು ಆ ಹೆಸರಿನ ಪಾಠವನ್ನೇ ತೆರೆದು ಕೊಟ್ಟರು. ನಾನು ಓದಿದೆ. ಹೆಸರಿದ್ದಲ್ಲೆಲ್ಲ 'ಅವನು' ಎಂದೇ ಓದಿದೆ. ಹೆಡ್‌ಮಾಸ್ಟ್ರು ಕಣ್ಣು ಬಿಟ್ಟು, "ಚಂದ ಓದಿದಳಲ್ಲ ನರಹರಿ," ಎಂದರು.

"ನನಗೆ ಕೇಳಲಿಲ್ಲ."

"ನಂಗೆ ಕೇಳ್ತಲ್ಲ, ಮಾರಾಯ್ರೆ. ನಂಗೆ ಕಿವಿಯೂ ಮಂದ."

"ನಿಮಗೆ ಕೇಳಿಸಿದ್ದು ಅವಳ ಪಾಠ. ಪುಸ್ತಕದ್ದಲ್ಲ. ನಾನು ಮಾರ್ಕು ಕೊಡೋದು ಪುಸ್ತಕಕ್ಕೆ."

ಹೆಡ್‌ಮಾಸ್ಟ್ರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆ ಒಂದು ವಿಷಯದಲ್ಲಿ ನರಹರಿ ಮಾಸ್ಟ್ರ ಎದುರು ಅವರು ಬಾಯಿ ಬಿಡುವವರಲ್ಲ. ಮತ್ತೆ ಕಣ್ಣು ಮುಚ್ಚಿಕೊಂಡರು.

ಹೊರಗೆ ಬರುವಾಗ ಮಾಸ್ಟ್ರು ನನ್ನ ಹಿಂದೆಯೇ ಬಂದರು. "ನಾಳೆ ಬಾ," ಎಂದರು. "ಒಂದು ಹೆಸರು. ಒಂದೇ ಒಂದು ಸಲ. ನೋಡೋಣ."

ಆ ಸಂಜೆ ದನ ಹೊಡೆದುಕೊಂಡು ಬರುವ ನೆಪದಲ್ಲಿ ನಾನು ಬಾಣೆಗೆ ಹೋದೆ. ಮನೆಯ ಮೇಲಿನ ಹುಲ್ಲುಗುಡ್ಡ ಅದು, ಕೂಗಿದರೆ ಕೆಳಗೆ ಕೇಳಿಸುವುದಿಲ್ಲ. ವಿರಾಜಪೇಟೆಗೆ ಹೋಗುವ ದಾರಿಯ ಒಂದು ತಿರುವು ಅಲ್ಲಿಂದ ಕಾಣುತ್ತದೆ. ಅದನ್ನು ನೋಡುತ್ತ ನಿಂತು, ಒಂದು ದಿನ ಕಮ್ಮಿಯಾದರೆ ಆಗಲಿ, ಓದಿ ಮುಗಿಸಿ ಬಂದ ಮೇಲೆ ಹರಕೆ ಹೊತ್ತು ಹೇಗಾದರೂ ತುಂಬಿಸಿಕೊಡುತ್ತೇನೆ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಆಮೇಲೆ ಆ ಹೆಸರನ್ನು ಬಾಯಿಂದ ಹೊರಗೆ ಹೇಳಿದೆ. ಮೇಯುತ್ತಿದ್ದ ಕಪ್ಪು ದನ ಒಮ್ಮೆ ತಲೆ ಎತ್ತಿ ನೋಡಿತು, ಮತ್ತೆ ಮೇಯತೊಡಗಿತು.

ಮರುದಿನ ಶಾಲೆಯಲ್ಲಿ ಮಾಸ್ಟ್ರು, ಜವಾನ, ಇಬ್ಬರೇ. ಬೋಜಮ್ಮ ನನ್ನ ಜೊತೆ ಬಂದು ಜಗಲಿಯಲ್ಲಿ ನಿಂತಳು. ನಾನು ಮೇಜಿನ ಎದುರು ನಿಂತು ಹೆಸರು ಹೇಳಿದೆ.

ಕೈ ಕಿವಿಗೆ ಹೋಯಿತು. "ಕೇಳಲಿಲ್ಲ. ಲೌಡರ್."

ಮತ್ತೆ ಹೇಳಿದೆ. ಅವರು ಕಿಟಕಿಯ ಬಳಿಗೆ ಹೋಗಿ ನಿಂತರು. "ಇಲ್ಲಿಗೆ ಕೇಳಬೇಕು." ಹೇಳಿದೆ. ಬಾಗಿಲಿಗೆ ಹೋದರು. "ಇಲ್ಲಿಗೆ." ಜಗಲಿ ಇಳಿದು ಅಂಗಳದಲ್ಲಿ ನಿಂತರು, ಕಿವಿಗೆ ಕೈ ಇಟ್ಟುಕೊಂಡು. ನಾನು ಕೂಗಿದೆ. ನನ್ನ ಧ್ವನಿ ಅಷ್ಟು ದೊಡ್ಡದಿದೆ ಎಂದು ನನಗೇ ತಿಳಿದಿರಲಿಲ್ಲ. ಗುಡಿಸುತ್ತಿದ್ದ ಜವಾನ ಹಿಡಿಸೂಡಿ ನಿಲ್ಲಿಸಿ ನೋಡಿದ. ಬೋಜಮ್ಮ ಮುಖ ತಿರುಗಿಸಿಕೊಂಡಳು.

ಮಾಸ್ಟ್ರು ಒಳಗೆ ಬಂದರು. ಮುಖ ಬೆಳಗಿತ್ತು. "ಈ ಗಂಟಲು ಇಷ್ಟು ದಿನ ಎಲ್ಲಿತ್ತು?" ಎಂದರು, ನಿಜವಾಗಿ ಆಶ್ಚರ್ಯಪಟ್ಟವರ ಹಾಗೆ. "ಗುಡ್. ವೆರಿ ಗುಡ್."

"ಪಾಸಾ ಸಾರ್?"

"ಪರೀಕ್ಷೆ ನಿನ್ನೆ ಆಯ್ತಲ್ಲ," ಎಂದರು ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ಮಾರ್ಕು ನಿನ್ನೆ ಸಂಜೆಯೇ ಹೋಯ್ತು. ಇವತ್ತು ನನಗೆ ಕೇಳಬೇಕು ಅಂತಿತ್ತು. ಕೇಳಿದೆ."

ಫಲಿತಾಂಶ ಬಂದ ಮೇಲೆ ಅಪ್ಪ ಒಂದು ಗೊನೆ ಬಾಳೆಹಣ್ಣು, ಒಂದು ಕುಪ್ಪಿ ಜೇನು ಹಿಡಿದುಕೊಂಡು ಮಾಸ್ಟ್ರ ಕೋಣೆಗೆ ಹೋದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಾನು ಮೆಟ್ಟಿಲ ಕೆಳಗೆ ನಿಂತೆ.

"ಗೂಡೆ ಬುದ್ಧಿವಂತೆ ಅಂತ ಹೇಳ್ತಿದ್ದರು ಎಲ್ಲ. ಎಂತ ಆಯ್ತು ಮಾಸ್ಟ್ರೆ?"

"ಬುದ್ಧಿವಂತೆಯೇ. ನಾನು ಕಲಿಸಿದವರಲ್ಲಿ ಅವಳಷ್ಟು ಯಾರಿಗೂ ಬರೋದಿಲ್ಲ. ಪಾಠದಲ್ಲಿ ಅವಳ ಗಂಡನಾಗೋನ ಹೆಸರಿತ್ತು. ಪರೀಕ್ಷೆಯಲ್ಲಿ ಹೇಳು ಅಂದೆ. ಹೇಳಲಿಲ್ಲ. ಫೇಲು."

ಅಪ್ಪನಿಗೆ ಸಿಟ್ಟು ಬರುತ್ತದೆ, ಮಾಸ್ಟ್ರ ಮೇಲೆ ಕೂಗಾಡುತ್ತಾರೆ ಎಂದು ನಾನು ಕಾದೆ. ಅಪ್ಪ ತಿರುಗಿ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ನೀರಿತ್ತು.

"ಪರೀಕ್ಷೆಗೂ ಹೇಳಲಿಲ್ಲವಾ?" ಎಂದರು.

"ಪರೀಕ್ಷೆಗೂ ಹೇಳಲಿಲ್ಲ," ಎಂದರು ಮಾಸ್ಟ್ರು. ಹೇಳಿ ನನ್ನ ಕಡೆ ನೋಡಿದರು. ಮರುದಿನದ ಮಾತನ್ನು ಅವರು ಎತ್ತಲಿಲ್ಲ.

ಅಪ್ಪ ಗೊನೆಯನ್ನೂ ಜೇನನ್ನೂ ಅಲ್ಲೇ ಇಟ್ಟು ಕೈ ಮುಗಿದರು. ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದರು, ನಮ್ಮ ಗೂಡೆ ಫೇಲಾದಳು, ಆದರೆ ಹೆಸರು ಹೇಳಲಿಲ್ಲ ಎಂದು. ಅಜ್ಜಿ ನನ್ನ ನೆಟಿಗೆ ತೆಗೆದರು. ಮಾತು ಗಂಡಿನ ಮನೆಗೂ ಹೋಯಿತು. ಇಂಥ ಹುಡುಗಿಯನ್ನು ಇನ್ನು ಕಾಯಿಸುವುದು ಯಾಕೆ, ಓದೂ ಮುಗಿಯಿತಲ್ಲ ಎಂದು ಅವರು ಹೇಳಿ ಕಳಿಸಿದರು. ಮುಂದಿನ ರಜೆಗೇ ಮದುವೆ ಎಂದು ನಿಶ್ಚಯವಾಯಿತು. ನಾನು ಕಳೆದುಕೊಂಡದ್ದಕ್ಕೆ ಅಳುವವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ, ಅಷ್ಟು ಸಂತೋಷ ತುಂಬಿತ್ತು.

ಮದುವೆಯಾದ ವಾರವೇ ನಿಮ್ಮ ಅಜ್ಜನಿಗೆ ಎಲ್ಲವನ್ನೂ ಹೇಳಿದೆ, ಅಂಗಳದಲ್ಲಿ ನಿಂತು ಕೂಗಿದ್ದನ್ನೂ. ಅವರು ಬೂಟಿಗೆ ಪಾಲಿಶ್ ಹಾಕುತ್ತಿದ್ದರು.

"ಪಟ್ಟಾಳದಲ್ಲಿ ಬೆಳಗಿಂದ ಸಂಜೆವರೆಗೆ ನನ್ನ ಹೆಸರು ಕೂಗ್ತಾರೆ, ಬೈಗಳು ಸೇರಿಸಿ," ಎಂದರು. "ನೀನೊಬ್ಬಳು ಕೂಗಿದರೆ ಎಂತ ಆಗ್ತದೆ? ಮೊದಲ ದಿನವೇ ಓದಿ ಬಿಸಾಡಬೇಕಿತ್ತು. ಒಂದು ಕಾರ್ಡು ಬರೆದು ಕೇಳಿದ್ದರೆ ನಾನೇ ಹೇಳ್ತಿದ್ದೆ."

ಗೊತ್ತಾದ ಹುಡುಗಿ ಗಂಡಿಗೆ ಕಾರ್ಡು ಬರೆಯುವುದುಂಟೇ. ಅದೂ ಅವರಿಗೆ ಗೊತ್ತಿತ್ತು. ಪಾಲಿಶಿನ ಡಬ್ಬಿ ಮುಚ್ಚಿದರು. ಅವರು ಮೊಮ್ಮಕ್ಕಳನ್ನು ಎತ್ತಿಕೊಂಡು ಮುದುಕರಾಗಿಯೇ ಹೋದದ್ದನ್ನು ನೀವು ನೋಡಿದ್ದೀರಿ.

ನರಹರಿ ಮಾಸ್ಟ್ರನ್ನು ನಾನು ಕೊನೆಗೆ ನೋಡಿದ್ದು ಅದೇ ವರ್ಷ, ಆಟಿ ತಿಂಗಳಲ್ಲಿ. ಮದುವೆಯಾದ ಮೊದಲ ವರ್ಷ ಆ ತಿಂಗಳು ಹುಡುಗಿ ತವರಿನಲ್ಲಿರಬೇಕು. ನಿಮ್ಮ ಅಜ್ಜ ಪಟ್ಟಾಳಕ್ಕೆ ಹೋಗಿಯಾಗಿತ್ತು. ಮೈದುನ ನನ್ನನ್ನು ಬೆಳಗಿನ ಬಸ್ಸಿನಲ್ಲಿ ಕರೆತಂದ. ಮಳೆ ಬಿಡದೆ ಸುರಿಯುತ್ತಿತ್ತು. ನಾನು ಇಳಿದಲ್ಲೇ ಮಾಸ್ಟ್ರು ಹತ್ತಲು ನಿಂತಿದ್ದರು. ಟ್ರಂಕು, ಹಾಸಿಗೆಯ ಸುರುಳಿ, ಪ್ಯಾಂಟಿನ ಮೇಲೆ ಎಳೆದ ಕಾಲುಚೀಲ. ಮೈಸೂರಿಗೆ ವರ್ಗ ಸಿಕ್ಕಿತ್ತು. ಕಳುಹಿಸಲು ಯಾರೂ ಬಂದಿರಲಿಲ್ಲ. ಮೊಯ್ದುವಿನ ಅಪ್ಪ ಮಾತ್ರ ಟ್ರಂಕನ್ನು ಬಸ್ಸಿನ ಮೇಲೆ ಹತ್ತಿಸುತ್ತಿದ್ದ.

ಮಾಸ್ಟ್ರು ನನ್ನ ಸೀರೆ, ಕೊರಳು ನೋಡಿದರು. ನಿನ್ನ ಗಂಡ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ರಜೆ ಮುಗಿಸಿ ಪಟ್ಟಾಳಕ್ಕೆ ಹೋದರು, ಹುತ್ತರಿಗೆ ಬರುತ್ತಾರೆ ಎಂದು ನಾನೂ ಇಂಗ್ಲಿಷಿನಲ್ಲೇ ಹೇಳಿದೆ. ಬಸ್ಸಿನ ತಗಡಿನ ಮೇಲೆ ಮಳೆ ಅಷ್ಟು ಹೊಡೆಯುತ್ತಿತ್ತು. ಆದರೂ ಅವರು ಕಿವಿಗೆ ಕೈ ಇಡಲಿಲ್ಲ.

"ಕರೆಕ್ಟ್," ಎಂದರು. ಹತ್ತಿ ಕೂತರು.

ಬೋಜಮ್ಮ ಓಡುತ್ತ ಬಂದಳು. ಅವಳು ವಿರಾಜಪೇಟೆಯ ಹೈಸ್ಕೂಲಿಗೆ ಸೇರಿದ್ದಳು, ಭಾನುವಾರ ಮನೆಗೆ ಬಂದು ಹೋಗುತ್ತಿದ್ದಳು. ಹೊಸ ಪುಸ್ತಕಗಳನ್ನು ಮೇಣಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಕೊಡೆ ಮಡಚಲು ಅವಳಿಗೆ ಕೈ ಸಾಲದು ಎಂದು ಪುಸ್ತಕದ ಕಟ್ಟನ್ನು ನಾನು ತೆಗೆದುಕೊಂಡೆ. ಅವಳು ಹತ್ತಿ ಕೂತ ಮೇಲೆ, ಕೊಡಲೆಂದು ನಾನೂ ಮೆಟ್ಟಿಲು ಹತ್ತಿ ನಿಂತೆ. ಅವಳು ಕೈ ಚಾಚಿದಳು. ಕಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. ಹಿಂದಿನ ಸೀಟಿನಲ್ಲಿ ಮಾಸ್ಟ್ರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಕಂಡಕ್ಟರ್ ಸೀಟಿ ಬಾಯಿಗಿಟ್ಟವನು ತೆಗೆದು ನನ್ನನ್ನು ಕೇಳಿದ.

"ನೀವು ಹತ್ತುವುದಾ ಅಮ್ಮ, ಇಳಿಯುವುದಾ?"

"ಇಳಿಯುವುದು," ಎಂದೆ.